ಬಣ್ಣ ಮಾಯವಾದರೆ ಸಾಲದು, ಮುರಿಯಬೇಕು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಆಮೇಲೆ ಕಣ್ಣಿಗೆ ಬೀಳುವುದು ಹಸಿ ನೂಲಿನ ಲಡಿಗಳು. ಬಣ್ಣದ ಹಂಡೆಯಿಂದ ಆಗಷ್ಟೇ ಎತ್ತಿದ ಲಡಿಯನ್ನು ಹಿಂಡಿದಾಗ ದಾಳಿಂಬೆ ಕೆಂಪು ನೀರು ಧಾರೆಯಾಗಿ ಇಳಿಯುತ್ತದೆ. ನಾಲ್ಕು ಸಲ ಜಾಲಾಡಿದರೂ ನೀರು ಕೆಂಪಗೇ ಇರುತ್ತದೆ. ನೂಲು ಹಿಡಿದುಕೊಂಡಷ್ಟು ಬಣ್ಣ ಸೀರೆಗೆ, ಉಳಿದದ್ದು ಗಟಾರಕ್ಕೆ.

ಆ ಉಳಿದದ್ದೇನೂ ಕಡಿಮೆ ಅಲ್ಲ. ಹತ್ತಿಗೆ ಹಾಕುವ, ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳಲ್ಲಿ ನೂರಕ್ಕೆ 10ರಿಂದ 40ರಷ್ಟು ಭಾಗ ನೂಲಿಗೆ ಹತ್ತದೆ ನೀರಿನಲ್ಲೇ ಉಳಿಯಬಹುದು. ಅದು ಹಳ್ಳಕ್ಕೆ ಸೇರಿದರೆ ಬಿಸಿಲು ನೀರಿನೊಳಗೆ ಇಳಿಯುವುದಿಲ್ಲ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಕೊಡುವುದಿಲ್ಲ, ಮೀನಿಗೆ ಉಸಿರು ಕಟ್ಟುತ್ತದೆ.

ಸೀರೆ ಬಿಸಿಲಿಗೆ, ಸೋಪಿಗೆ ಬಣ್ಣ ಬಿಡಬಾರದು ಅಂತ ನಾವೇ ಕೇಳುತ್ತೇವೆ, ಅಲ್ವಾ? ಅಷ್ಟು ಗಟ್ಟಿ ಬಣ್ಣವನ್ನು ಹಳ್ಳದ ಬ್ಯಾಕ್ಟೀರಿಯಾ ಕೂಡ ಸುಲಭಕ್ಕೆ ಅರಗಿಸಿಕೊಳ್ಳಲಾರವು. ಪಟಿಕ ಹಾಕಿದರೆ ಬಣ್ಣ ಕೆಸರಾಗಿ ತಳ ಸೇರುತ್ತದೆ. ಇದ್ದಿಲು ಹಾಕಿದರೆ ಇದ್ದಿಲು ಹೀರಿಕೊಳ್ಳುತ್ತದೆ. ನೀರು ತಿಳಿಯಾಗುತ್ತದೆ, ನಿಜ. ಆದರೆ ಬಣ್ಣ ಹಾಗೇ ಇದೆ, ಜಾಗ ಬದಲಿಸಿದೆ ಅಷ್ಟೆ. ಆ ಕೆಸರನ್ನು ಎಲ್ಲಿ ಸುರಿಯುವುದು?

ಬಣ್ಣವನ್ನು ಮುರಿದೇ ಹಾಕುವ ದಾರಿಯೊಂದಿದೆ. ಅದನ್ನು ನಾನು ಕಂಡದ್ದು ಬಾಗಲಕೋಟೆಯ ಒಂದು ಕನ್ನಡಕದ ಅಂಗಡಿಯಲ್ಲಿ. ಅಲ್ಲೊಂದು ಪುಟ್ಟ ಸ್ಟೀಲ್ ತೊಟ್ಟಿ ಇತ್ತು. ನೀರು ತುಂಬಿ, ಕನ್ನಡಕ ಮುಳುಗಿಸಿ ಗುಂಡಿ ಒತ್ತಿದರೆ ಜುಯ್ ಅನ್ನುತ್ತದೆ, ಸಂದಿಯ ಜಿಡ್ಡು ಹೊಗೆಯ ಹಾಗೆ ಎದ್ದು ಬರುತ್ತದೆ. ಮಾಲೀಕರನ್ನು ಕೇಳಿಕೊಂಡು ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯ ತುಂಡೊಂದನ್ನು ಅದರೊಳಗೆ ಇಳಿಬಿಟ್ಟೆ. ಎರಡು ನಿಮಿಷ ಬಿಟ್ಟು ಬೆಳಕಿಗೆ ಹಿಡಿದೆ. ಸೂಜಿಯಿಂದ ಚುಚ್ಚಿದ ಹಾಗೆ ತೂತು ತೂತು! ಬರೀ ನೀರು ಮಾಡಿದ ಕೆಲಸ ಅದು.

ಸೆಕೆಂಡಿಗೆ 20,000ಕ್ಕಿಂತ ಜಾಸ್ತಿ ಸಲ ಕಂಪಿಸುವ ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ. ಅದೇ ಅಲ್ಟ್ರಾಸೌಂಡ್, ಆ ತೊಟ್ಟಿಯ ಕೆಲಸ ನಡೆಯುವುದು ಅದರಿಂದಲೇ. ಅದು ನೀರನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಹಿಗ್ಗಿದಾಗ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಬೆಳೆದು ಒಮ್ಮೆಲೇ ಒಳಕ್ಕೆ ಕುಸಿಯುತ್ತವೆ. ಕುಸಿಯುವ ಆ ಚಣದಲ್ಲಿ ಗುಳ್ಳೆಯೊಳಗಿನ ಶಾಖ ಸುಮಾರು 5,000 ಡಿಗ್ರಿ, ಒತ್ತಡ ವಾತಾವರಣದ ನೂರಾರು ಪಟ್ಟು. ತೊಟ್ಟಿಯ ನೀರು ಮಾತ್ರ ಉಗುರುಬೆಚ್ಚಗೆ ಇರುತ್ತದೆ! ಗುಳ್ಳೆ ಹೀಗೆ ಕುಸಿಯುವ ಲೆಕ್ಕವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲೇ ಬರೆದಿಟ್ಟ. ಇಂಥ ಗುಳ್ಳೆಗಳಿಂದಲೇ ಹಡಗಿನ ಫ್ಯಾನುಗಳು ನೀರಿನಲ್ಲಿ ಸವೆದು ತೂತಾಗುತ್ತಿದ್ದ ಕಾಲ ಅದು.

ಅಷ್ಟು ಶಾಖಕ್ಕೆ ಗುಳ್ಳೆಯೊಳಗಿನ ನೀರಾವಿಯೇ ಒಡೆಯುತ್ತದೆ. ಒಂದು ಚೂರಿನ ಹೆಸರು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಇದರ ಹಸಿವು ಕ್ಲೋರಿನ್‌ಗಿಂತ, ಓಝೋನ್‌ಗಿಂತ ದೊಡ್ಡದು. ಹತ್ತಿರ ಸಿಕ್ಕಿದ್ದನ್ನು ಕಚ್ಚುತ್ತದೆ. ಬಟ್ಟೆಯ ಬಣ್ಣಗಳಲ್ಲಿ ಬಹುಪಾಲು ಅಝೋ ಬಣ್ಣಗಳು. ಎರಡು ಸಾರಜನಕದ ಪರಮಾಣುಗಳು ಕೈಕೈ ಹಿಡಿದ ಕೊಂಡಿ ಅವುಗಳ ಬಣ್ಣದ ಗುಟ್ಟು. ಆ ಕೊಂಡಿ ಕಳಚಿದರೆ ಕೆಂಪು ಹೋಯಿತು.

ಸದ್ದೊಂದರಿಂದಲೇ ಆದರೆ ಕೆಲಸ ನಿಧಾನ. ಎಷ್ಟೋ ರ‍್ಯಾಡಿಕಲ್‌ಗಳು ಬಣ್ಣ ಸಿಗುವ ಮೊದಲೇ ಒಂದಕ್ಕೊಂದು ಡಿಕ್ಕಿ ಹೊಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗಿ ತಣ್ಣಗಾಗುತ್ತವೆ. ಇಲ್ಲಿ ಕಬ್ಬಿಣ ಕೈಜೋಡಿಸುತ್ತದೆ. ಚಿಟಿಕೆ ಕಬ್ಬಿಣದ ಲವಣ ಇದ್ದರೆ ಅದು ಪೆರಾಕ್ಸೈಡನ್ನು ಮತ್ತೆ ಒಡೆದು ಹೊಸ ರ‍್ಯಾಡಿಕಲ್ ಎಬ್ಬಿಸುತ್ತದೆ. ಫೆಂಟನ್ ಎಂಬ ರಸಾಯನಶಾಸ್ತ್ರಜ್ಞ 1894ರಲ್ಲಿ ತೋರಿಸಿದ ಕ್ರಿಯೆ ಇದು. ಪೋಲಾಗುತ್ತಿದ್ದದ್ದು ಮತ್ತೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ನೀರು ಹುಳಿಯಾಗಿರಬೇಕು, ಕೊನೆಗೆ ಸುಣ್ಣ ಹಾಕಿ ಸರಿಮಾಡಬೇಕು. ಕಬ್ಬಿಣದ ಬದಲು ಗೋಡೆ ಪೇಂಟಿನ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್ ಕೂಡ ಆಗುತ್ತದೆ. ಅದರ ಒರಟು ಕಣಗಳ ಮೇಲೆ ಗುಳ್ಳೆಗಳು ಬೇಗ ಹುಟ್ಟುತ್ತವೆ. ಅಲ್ಟ್ರಾಸೌಂಡ್ ಆ ಕಣಗಳ ಮೈಯನ್ನು ತಿಕ್ಕಿ ತೊಳೆಯುತ್ತಲೂ ಇರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನೀರು ಬೆಳ್ಳಗಾದ ಕೂಡಲೇ ಯಂತ್ರ ನಿಲ್ಲಿಸಬಾರದು. ಕೊಂಡಿ ಕಳಚಿ ಉಳಿದ ಚೂರುಗಳು ಅಮೈನುಗಳೆಂಬ ಬಣ್ಣವಿಲ್ಲದ ಸಾರಜನಕದ ಸಂಯುಕ್ತಗಳಾಗಿರಬಹುದು, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಬೆಂಜಿಡಿನ್ ಎಂಬ ಅಂಥ ಒಂದು ಅಮೈನಿನಿಂದ ಮಾಡಿದ ಬಣ್ಣಗಳನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದ್ದು ಇದೇ ಭಯಕ್ಕೆ. ಕಣ್ಣನ್ನು ನಂಬದೆ, ನೀರಿನಲ್ಲಿ ಇನ್ನೂ ಎಷ್ಟು ಸಾವಯವ ಇಂಗಾಲ, ಅಂದರೆ ಆ ಚೂರುಗಳಲ್ಲಿರುವ ಇಂಗಾಲ, ಉಳಿದಿದೆ ಅಂತ ಅಳೆಯಬೇಕು.

ಕರೆಂಟಿನ ಖರ್ಚೂ ಇದೆ. ಹಾಕಿದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಸುಮ್ನೆ ನೀರು ಕಾಯಿಸುವುದಕ್ಕೇ ಹೋಗುತ್ತದೆ. ಇಡೀ ಗಟಾರದ ನೀರನ್ನು ಹೀಗೆ ತೊಳೆಯಲು ಹೋದರೆ ಯಾವ ನೇಕಾರನ ಕೈಗೂ ಎಟುಕದು. ಹಂಡೆಯಲ್ಲಿ ಉಳಿದ ಮೊದಲ ದಪ್ಪ ನೀರು ಒಂದು ಡ್ರಮ್ಮಿಗೆ, ಜಾಲಾಡಿದ ತೆಳು ನೀರು ಇನ್ನೊಂದಕ್ಕೆ. ಸದ್ದು, ಕಬ್ಬಿಣ ಎರಡೂ ಮೊದಲ ಡ್ರಮ್ಮಿಗೆ ಮಾತ್ರ. ದೊಡ್ಡ ಅಣುಗಳು ಚೂರಾದ ಮೇಲೆ ಉಳಿದದ್ದನ್ನು ಬ್ಯಾಕ್ಟೀರಿಯಾ ತೊಟ್ಟಿಗೆ ಬಿಡಬಹುದು. ನನಗೆ ನಂಬಿಕೆ ಇರುವುದು ಈ ದಾರಿಯಲ್ಲಿ. ಇಡೀ ಓಣಿ ಸೇರಿ ಒಂದೇ ಯಂತ್ರ ಇಟ್ಟುಕೊಂಡರೂ ನಡೆದೀತು.

ಆಗಲೂ ಉಪ್ಪು ಉಳಿಯುತ್ತದೆ. ರಿಯಾಕ್ಟಿವ್ ಬಣ್ಣ ನೂಲಿಗೆ ಹಿಡಿಯಲಿ ಅಂತ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಹಾಕಿರುತ್ತಾರೆ. ಅದನ್ನು ಯಾವ ಸದ್ದೂ ಮುರಿಯಲಾರದು. ಮೊದಲ ಡ್ರಮ್ಮಿನ ನೀರನ್ನು ಹೊಲಕ್ಕೆ ಬಿಡುವ ಮೊದಲು ಅದನ್ನೂ ಬೇರೆ ತೆಗೆಯಬೇಕು.