ಬೇಡವಾದ ಮೈ ಬೇಕಾದದ್ದು: ‘ಬೇರ್’ ಸಮುದಾಯದ ಹಿನ್ನೆಲೆ

ಒಬ್ಬ ಗಂಡಸು ತಾನು ಗೇ ಎಂದು ಮನೆಯವರಿಗೆ ಹೇಳಿ, ಅವರ ಸಿಟ್ಟು, ಅಳು, ಮೌನ ಎಲ್ಲವನ್ನೂ ದಾಟಿ, ಕೊನೆಗೆ ತನ್ನಂಥವರೇ ಸೇರುವ ಜಾಗಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿಯೂ ಅವನನ್ನು ಯಾರೂ ತಿರುಗಿ ನೋಡುವುದಿಲ್ಲ. ಹೊಟ್ಟೆ ಮುಂದೆ ಬಂದಿದೆ, ಎದೆ ಬೆನ್ನಿನ ತುಂಬ ಕೂದಲಿದೆ, ವಯಸ್ಸು ನಲವತ್ತು ದಾಟಿದೆ. ಈ ಎರಡನೆಯ ತಿರಸ್ಕಾರ ಮೊದಲನೆಯದಕ್ಕಿಂತ ಆಳಕ್ಕೆ ನಾಟುತ್ತದೆ, ಏಕೆಂದರೆ ಅದಕ್ಕೆ ಅವನು ಮನಸ್ಸು ಗಟ್ಟಿಮಾಡಿಕೊಂಡು ಬಂದಿರುವುದಿಲ್ಲ. ‘ಬೇರ್’, ಅಂದರೆ ಕರಡಿ, ಎಂದು ಕರೆದುಕೊಳ್ಳುವ ಗೇ ಗಂಡಸರ ಸಮುದಾಯ ಹುಟ್ಟಿದ್ದು ಈ ಎರಡನೆಯ ಗಾಯದಿಂದ.

ಕತೆಯ ಬಹುಪಾಲು ನಡೆದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1970ರ ದಶಕದ ಅಲ್ಲಿನ ಕ್ಯಾಸ್ಟ್ರೋ ಬಡಾವಣೆಯಲ್ಲಿ ಬಿಗಿ ಜೀನ್ಸ್, ಮೀಸೆ, ಜಿಮ್‌ನಲ್ಲಿ ಪಳಗಿಸಿದ ಮೈ ಎಷ್ಟು ಸಾಮಾನ್ಯವಾಗಿತ್ತೆಂದರೆ ಅಂಥವರನ್ನು ‘ಕ್ಲೋನ್’, ಅಂದರೆ ಒಂದೇ ಅಚ್ಚಿನ ನಕಲು, ಎಂದೇ ಕರೆಯುತ್ತಿದ್ದರು. ದಪ್ಪ ಮೈಯವರಿಗೆ ಆ ಚಿತ್ರದಲ್ಲಿ ಜಾಗವಿರಲಿಲ್ಲ. ಅವರಿಗಾಗಿ 1976ರಲ್ಲಿ ‘ಗರ್ತ್ ಅಂಡ್ ಮರ್ತ್’ ಎಂಬ ಕ್ಲಬ್ ಅದೇ ಊರಿನಲ್ಲಿ ಶುರುವಾಯಿತು. 1979ರಲ್ಲಿ ‘ದಿ ಅಡ್ವೊಕೇಟ್’ ಎಂಬ ಗೇ ಪತ್ರಿಕೆಯಲ್ಲಿ ಜಾರ್ಜ್ ಮಝೈ ಅವರು ಗೇ ಗಂಡಸರನ್ನು ಬೇರೆ ಬೇರೆ ಪ್ರಾಣಿಗಳಿಗೆ ಹೋಲಿಸಿ ಒಂದು ಲಘು ಬರಹ ಬರೆದರು. ಅದರಲ್ಲಿ ಕರಡಿಯೂ ಇತ್ತು. ಹೆಸರು ಸಿಕ್ಕಿತ್ತು, ಅದಕ್ಕೊಂದು ಮನೆ ಇನ್ನೂ ಸಿಕ್ಕಿರಲಿಲ್ಲ.

1981ರಲ್ಲಿ ಏಡ್ಸ್ ಬಂತು. ಈ ಭಾಗವನ್ನು ಬಿಟ್ಟು ಬೇರ್ ಸಮುದಾಯದ ಬಗ್ಗೆ ಬರೆಯುವುದು ಸಾಧ್ಯವಿಲ್ಲ ಎಂದು ನನ್ನ ನಂಬಿಕೆ. ನಿನ್ನೆ ಮೊನ್ನೆಯವರೆಗೆ ನಗುತ್ತಿದ್ದ ಗೆಳೆಯರು ಕಣ್ಣೆದುರೇ ಸೊರಗಿ, ಮೂಳೆ ಚರ್ಮವಾಗಿ ಹೋಗುತ್ತಿದ್ದ ಊರಿನಲ್ಲಿ ತೆಳ್ಳಗಿನ ಮೈಯ ಅರ್ಥವೇ ಬದಲಾಯಿತು. ತುಂಬಿದ ಹೊಟ್ಟೆ, ಅಗಲವಾದ ಎದೆ ಕಂಡರೆ ‘ಇವನು ಚೆನ್ನಾಗಿದ್ದಾನೆ, ಬದುಕುತ್ತಾನೆ’ ಎಂಬ ಧೈರ್ಯ. ಸಮುದಾಯದ ಇತಿಹಾಸವನ್ನು ಸಂಗ್ರಹಿಸಿದ ಲೆಸ್ ರೈಟ್ ಅವರೂ ಈ ನಂಟನ್ನು ಗುರುತಿಸಿದ್ದಾರೆ. ಅಷ್ಟು ಸಾವುಗಳ ನಡುವೆ ಒಂದು ಗಟ್ಟಿಯಾದ, ಬೆಚ್ಚಗಿನ ಅಪ್ಪುಗೆಗೆ ಯಾವ ಬೆಲೆ ಇದ್ದಿರಬಹುದು ಎಂದು ಯೋಚಿಸಿದರೆ, ಕರಡಿ ಎಂಬ ಹೆಸರೇ ಯಾಕೆ ಉಳಿಯಿತು ಎನ್ನುವುದು ತಿಳಿಯುತ್ತದೆ.

1987ರಲ್ಲಿ ರಿಚರ್ಡ್ ಬಲ್ಗರ್ ಮತ್ತು ಛಾಯಾಗ್ರಾಹಕ ಕ್ರಿಸ್ ನೆಲ್ಸನ್ ಸೇರಿ ‘ಬೇರ್’ ಎಂಬ ಪತ್ರಿಕೆ ತಂದರು. ಅದರಲ್ಲಿ ಗಡ್ಡ ಬಿಟ್ಟ, ಹೊಟ್ಟೆ ಇರುವ, ದುಡಿಯುವ ಜನರಂತೆ ಕಾಣುವ ಗಂಡಸರ ಚಿತ್ರಗಳಿದ್ದವು. ಜೊತೆಗಾರರನ್ನು ಹುಡುಕುವವರ ಜಾಹೀರಾತುಗಳೂ ಇದ್ದವು. ಓದುಗನಿಗೆ ಮೊದಲ ಬಾರಿಗೆ ತನ್ನಂಥದೇ ಮೈ ಆಸೆಪಡುವ ವಸ್ತುವಾಗಿ ಅಚ್ಚಿನಲ್ಲಿ ಕಂಡಿತು. 1989ರಲ್ಲಿ ತೆರೆದ ‘ಲೋನ್ ಸ್ಟಾರ್ ಸಲೂನ್’ ಎಂಬ ಬಾರ್ ಈ ಓದುಗರು ಮುಖಾಮುಖಿಯಾಗುವ ಅಡ್ಡೆಯಾಯಿತು. ಅದೇ ವರ್ಷ ಅಕ್ಟೋಬರ್‌ನ ಭೂಕಂಪದಲ್ಲಿ ಕಟ್ಟಡ ಹಾಳಾಯಿತು. ಮರುವರ್ಷ ಹ್ಯಾರಿಸನ್ ರಸ್ತೆಯಲ್ಲಿ ಬಾರ್ ಮತ್ತೆ ಬಾಗಿಲು ತೆರೆಯಿತು.

ಆ ಹೊತ್ತಿಗೆ ಕಂಪ್ಯೂಟರ್ ಮೂಲಕ ಪತ್ರ ಬರೆದುಕೊಳ್ಳುವ ಬೇರ್‌ಗಳ ಗುಂಪೂ ಹುಟ್ಟಿತ್ತು. ಫೋಟೋ ಕಳಿಸುವುದು ಕಷ್ಟವಾಗಿದ್ದ ಕಾಲ. 1989ರಲ್ಲಿ ಬಾಬ್ ಡೊನಾಹ್ಯೂ ಮತ್ತು ಜೆಫ್ ಸ್ಟೋನರ್ ಎಂಬಿಬ್ಬರು, ಖಗೋಳ ವಿಜ್ಞಾನಿಗಳು ನಕ್ಷತ್ರಗಳನ್ನು ವಿಂಗಡಿಸುವ ಕ್ರಮವನ್ನೇ ಮಾದರಿಯಾಗಿಟ್ಟುಕೊಂಡು ಒಂದು ಸಂಕೇತ ಪದ್ಧತಿ ರೂಪಿಸಿದರು. ಗಡ್ಡ ಎಷ್ಟು ದಟ್ಟ ಎನ್ನುವುದಕ್ಕೆ 0ಯಿಂದ 9ರವರೆಗೆ ಅಂಕಿ, ಮೈಕೂದಲಿಗೆ, ತೂಕಕ್ಕೆ, ಎತ್ತರಕ್ಕೆ ಒಂದೊಂದು ಅಕ್ಷರ. ಮುಟ್ಟಿ ಅಪ್ಪಿಕೊಳ್ಳುವ ಸ್ವಭಾವಕ್ಕೂ ಒಂದು ಅಕ್ಷರವಿತ್ತು. ಬೇರೆಡೆ ಮುಚ್ಚಿಡಬೇಕಾಗಿದ್ದ ತೂಕವನ್ನು ಇಲ್ಲಿ ಪರಿಚಯದ ಮೊದಲ ಸಾಲಿನಲ್ಲೇ ಹೇಳಿಬಿಡಬಹುದಿತ್ತು. 1995ರಲ್ಲಿ ಕ್ರೇಗ್ ಬರ್ನ್ಸ್ ಬಾವುಟವನ್ನೂ ರೂಪಿಸಿದರು: ಕಂದು ಬಣ್ಣದಿಂದ ಕಪ್ಪಿನವರೆಗೆ ಏಳು ಪಟ್ಟಿ, ಮೂಲೆಯಲ್ಲಿ ಕರಡಿಯ ಹೆಜ್ಜೆ ಗುರುತು.

ಪ್ರೀತಿಯ ವಿಷಯಕ್ಕೆ ಬಂದರೆ, ಈ ಸಮುದಾಯ ಮಾಡಿದ ದೊಡ್ಡ ಕೆಲಸ ಹೆಸರಿಡುವುದು. ಚಿಕ್ಕ ವಯಸ್ಸಿನವನು ‘ಕಬ್’, ಅಂದರೆ ಮರಿ. ಮೈಕೂದಲಿದ್ದೂ ಸಣಕಲಾಗಿರುವವನು ‘ಆಟರ್’, ನೀರುನಾಯಿ. ಗಡ್ಡ ನರೆತವನು ‘ಪೋಲಾರ್ ಬೇರ್’. ತಾನು ಕರಡಿಯಲ್ಲದೆ ಕರಡಿಗಳನ್ನು ಮೆಚ್ಚುವವನು ‘ಚೇಸರ್’. ನರೆತ ಗಡ್ಡಕ್ಕೂ ಒಂದು ಅಕ್ಕರೆಯ ಹೆಸರು ಸಿಕ್ಕಿತಲ್ಲ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ. ವಯಸ್ಸಾಯಿತೆಂದರೆ ಪ್ರೀತಿಯ ಬಾಗಿಲು ಮುಚ್ಚಿತು ಎಂದು ಎಷ್ಟೋ ಗೇ ಗಂಡಸರು ಭಾವಿಸುವಾಗ, ಇಲ್ಲಿ ಅರವತ್ತರವನನ್ನೂ ಕಣ್ತುಂಬ ನೋಡುವವರಿದ್ದಾರೆ. ಒಪ್ಪಿಕೊಳ್ಳುವುದು ಬೇರೆ, ಬಯಸುವುದು ಬೇರೆ. ‘ನೀನು ಹೀಗಿದ್ದರೂ ಪರವಾಗಿಲ್ಲ’ ಎನ್ನುವವನ ಜೊತೆ ಗೆಳೆತನ ಮಾಡಬಹುದು; ಪ್ರೇಮಕ್ಕೆ ‘ನೀನು ಹೀಗಿರುವುದಕ್ಕೇ ಇಷ್ಟ’ ಎನ್ನುವವನು ಬೇಕು.

ಹಾಗೆಂದು ಎಲ್ಲವೂ ಸರಿಹೋಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬೇರ್ ಎಂದು ಗುರುತಿಸಿಕೊಂಡವರು ಜೊತೆಗಾರರನ್ನು ತಿರಸ್ಕರಿಸುವುದು ಕಡಿಮೆ ಎಂದು ಕಂಡುಬಂತು. ತಿರಸ್ಕರಿಸಿದರೂ ಅದು ಹೆಚ್ಚಾಗಿ ತೀರಾ ಚಿಕ್ಕ ವಯಸ್ಸಿನವರನ್ನು, ತೀರಾ ತೆಳ್ಳಗಿರುವವರನ್ನು. ಅಳತೆಗೋಲು ಮುರಿದುಹೋಗಿರಲಿಲ್ಲ, ತಿರುಗಿಕೊಂಡಿತ್ತು. ಇತ್ತೀಚಿನ ವರ್ಷಗಳಲ್ಲಿ ‘ಮಸಲ್ ಬೇರ್’, ಅಂದರೆ ಗಡ್ಡವಿರುವ ಕಟ್ಟುಮಸ್ತಾದ ಗಂಡಸು, ಪೋಸ್ಟರ್‌ಗಳನ್ನು ಆವರಿಸಿಕೊಂಡಿದ್ದಾನೆ. ಯಾರಿಗಾಗಿ ಈ ಜಾಗ ಹುಟ್ಟಿತೋ ಆ ದೊಡ್ಡ ಹೊಟ್ಟೆಯವನು ಅಲ್ಲಿಯೂ ಮೂಲೆಗೆ ಸರಿದಿದ್ದಾನೆ. ಗಂಡಸುತನದ ಮೇಲಿನ ಅತಿಯಾದ ಒತ್ತು ನಯ ನಾಜೂಕಿನವರನ್ನು ದೂರವಿಟ್ಟಿದೆ. ಬಿಳಿಯರಲ್ಲದವರು, ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾಗಿದ್ದ ಟ್ರಾನ್ಸ್ ಗಂಡಸರು ಅಂಚಿನಲ್ಲಿ ನಿಲ್ಲಬೇಕಾಗಿ ಬಂದದ್ದೂ ಉಂಟು. ಈ ದೂರುಗಳನ್ನು ಸಮುದಾಯದ ಒಳಗಿನವರೇ ಎತ್ತಿದ್ದಾರೆ, ಎತ್ತಲೇಬೇಕಿತ್ತು.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಬೇರ್‌ಗಳಿಗೆ ತಮ್ಮ ಬಗ್ಗೆ ಇರುವ ಅಭಿಮಾನ ಇತರ ಗೇ ಗಂಡಸರಿಗಿಂತ ಕಡಿಮೆ. ಹಲವು ವರ್ಷ ಮೈಗೆ ನಾಚಿಕೊಂಡು ಬದುಕಿದವನಿಗೆ ಸಿಕ್ಕ ಮೊದಲ ಮೆಚ್ಚುಗೆ ನಂಬಿಕೆ ಹುಟ್ಟಿಸುವುದಿಲ್ಲ. ಎದುರಿಗಿರುವವನು ತಮಾಷೆ ಮಾಡುತ್ತಿದ್ದಾನೆಯೇ, ತನ್ನ ಹೊಟ್ಟೆಯನ್ನಷ್ಟೇ ಬಯಸುತ್ತಿದ್ದಾನೆಯೇ ಎಂಬ ಅನುಮಾನ ಕಾಡುತ್ತದೆ. ದೀಪ ಆರಿಸದೆ ಅವನು ಅಂಗಿ ತೆಗೆಯುವುದಿಲ್ಲ. ಜೊತೆಗಿರುವವನು ಬಲವಂತ ಮಾಡದೆ ಕಾಯುತ್ತಾನೆ. ಒಂದು ರಾತ್ರಿ ಯಾರೂ ಎದ್ದು ಹೋಗಿ ದೀಪ ಆರಿಸುವುದಿಲ್ಲ.