ಎಲ್ಲರಿಗೂ ತಲುಪುವ ಪಾಠ: ನಮ್ಮ ತರಗತಿಯನ್ನು ನಾವೇ ನೋಡಿಕೊಳ್ಳುವ ಬಗ್ಗೆ ಒಂದು ಟಿಪ್ಪಣಿ

ತುಮಕೂರಿನ ಸುತ್ತಮುತ್ತ ಪದವಿ, ಸ್ನಾತಕೋತ್ತರ ತರಗತಿಗಳಿಗೆ ಪಾಠ ಮಾಡುತ್ತಾ, ಜೊತೆಗೆ ಬೋಧನೆಯ ತರಬೇತಿಯನ್ನೂ ಪಡೆಯುತ್ತಿರುವ ಗೆಳೆಯರಿಗೆ ಇದು. ತರಬೇತಿಯಲ್ಲಿ 'ನಿಮ್ಮ ಬೋಧನೆಯ ಬಗ್ಗೆ ಅವಲೋಕನ ಬರೆಯಿರಿ' ಅಂದ ತಕ್ಷಣ ತುಂಬಾ ಜನ ಬರೆಯುವುದು 'ನಾನು ಎಲ್ಲ ವಿದ್ಯಾರ್ಥಿಗಳನ್ನೂ ಒಂದೇ ರೀತಿ ನೋಡುತ್ತೇನೆ' ಅಂತ. ಅದು ನಮ್ಮ ಮನಸ್ಸಿನ ಮಾತು. ಕೇಳಬೇಕಾದ್ದು ಬೇರೆ: ಇವತ್ತಿನ ಪಾಠ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಸಿಗದೇ ಇರೋದಕ್ಕೆ ಪಾಠ ಕಟ್ಟಿದ ರೀತಿಯೇ ಕಾರಣವಾ?

ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಅವಲೋಕನವನ್ನು ಎರಡಾಗಿ ವಿಂಗಡಿಸಿದರು. ಕೆಲಸ ಮಾಡುತ್ತಿರುವಾಗಲೇ ಗಮನಿಸಿ ದಾರಿ ಬದಲಿಸುವುದು ಒಂದು, ಮುಗಿದ ಮೇಲೆ ಕೂತು ಯೋಚಿಸುವುದು ಇನ್ನೊಂದು. ನಾವು ಎರಡನೆಯದನ್ನೇ ಜಾಸ್ತಿ ಮಾಡುತ್ತೇವೆ. ಮೊದಲನೆಯದನ್ನೂ ರೂಢಿ ಮಾಡಿಕೊಳ್ಳಬೇಕು.

ಪಾವಗಡದ ಕಡೆಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಈಗ ಪಾಠ ಇಂಗ್ಲಿಷಿನಲ್ಲಿ. ಬಾಗೇಪಲ್ಲಿಯವರಿಗೂ, ಮನೆಯಲ್ಲಿ ಉರ್ದು ಮಾತಾಡುವ ಎಷ್ಟೋ ಮಕ್ಕಳಿಗೂ ಇದೇ ಕಥೆ. ನಾವು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತೇವೆ. ಅವಳು ಅದನ್ನು ಅರ್ಥ ಮಾಡಿಕೊಂಡು, ಉತ್ತರ ಹುಡುಕಿ, ಅದಕ್ಕೆ ಇಂಗ್ಲಿಷ್ ವಾಕ್ಯ ಜೋಡಿಸಿ ಬಾಯಿಗೆ ತರುವಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸಿರುತ್ತಾರೆ, ನಾವೂ 'ಗುಡ್' ಅಂತ ಮುಂದಿನ ಸ್ಲೈಡಿಗೆ ಹೋಗಿರುತ್ತೇವೆ. ಆಮೇಲೆ ಸ್ಟಾಫ್ ರೂಮಿನಲ್ಲಿ 'ಆ ಹುಡುಗಿ ಬಾಯೇ ಬಿಡಲ್ಲ' ಅನ್ನುತ್ತೇವೆ.

ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ಶಾಲೆಗಳ ವಿಜ್ಞಾನ ತರಗತಿಗಳನ್ನು ನೋಡಿ ಇದನ್ನೇ ಹೇಳಿದ್ದು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೋ ಇನ್ನೂ ಸ್ವಲ್ಪ ಹೆಚ್ಚಿಗೋ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಮಾತಾಡಿದರು. ಮಾಡಿ ನೋಡಿ, 3 ಸೆಕೆಂಡ್ ಸುಮ್ನೆ ನಿಲ್ಲುವುದು ಕಷ್ಟ. ಕೈಯಲ್ಲಿ ಚಾಕ್‌ಪೀಸ್ ಹಿಡಿದು ಮನಸ್ಸಿನಲ್ಲೇ ಎಣಿಸಬೇಕಾಗುತ್ತದೆ. ಇನ್ನೂ ಒಳ್ಳೆಯದು, ಮೊದಲು ಪಕ್ಕದವರ ಜೊತೆ ಕನ್ನಡದಲ್ಲೋ ತೆಲುಗಿನಲ್ಲೋ ಚರ್ಚಿಸಲು ಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ ಅನ್ನುವುದು. ಇದರಿಂದ ಪಾಠದ ಮಟ್ಟ ಇಳಿಯುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಿಷಯ ಒಮ್ಮೆ ತಲೆಗೆ ಹತ್ತಿದರೆ ಇಂಗ್ಲಿಷ್ ಹಿಂದೆಯೇ ಬರುತ್ತದೆ.

ಈಗ ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್, ಅಂದರೆ ಯುಡಿಎಲ್. ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಸಿಗುವಂತೆ ಮೊದಲೇ ಯೋಚಿಸಿ ಪಾಠ ಕಟ್ಟಲು ಅಮೆರಿಕದ ಕಾಸ್ಟ್ ಸಂಸ್ಥೆ ರೂಪಿಸಿದ ಚೌಕಟ್ಟು ಇದು, 2024ರಲ್ಲಿ ಇದರ 3.0 ಆವೃತ್ತಿ ಬಂತು. ಪರೀಕ್ಷೆಗೆ ಮೂರು ತತ್ವ ನೆನಪಿಟ್ಟುಕೊಂಡರೆ ಸಾಕು: ಕಲಿಕೆಯಲ್ಲಿ ತೊಡಗಿಸಲು, ವಿಷಯ ತಿಳಿಸಲು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇಡುವುದು. ತರಗತಿಗೆ ಮಾತ್ರ ಇಷ್ಟು ಸಾಲದು.

ನೋಟ್ಸನ್ನೇ ತೆಗೆದುಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಕನ್ನಡ ನೋಟ್ಸ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಅಕ್ಷರಗಳ ಹಿಂದೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಹಾಗಾಗಿ ದೃಷ್ಟಿ ಇಲ್ಲದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಪುಸ್ತಕದ ಪುಟದ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೂ ಅಷ್ಟೇ, ಅದು ಬರೀ ಚಿತ್ರ. ಅದೇ ನೋಟ್ಸ್ ಯೂನಿಕೋಡ್‌ನಲ್ಲಿದ್ದರೆ, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇದ್ದರೆ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಕೂಡ ಕನ್ನಡದಲ್ಲಿ ಓದಿ ಹೇಳುತ್ತದೆ. ಇದರ ಲಾಭ ಆ ಒಬ್ಬರಿಗೆ ಮಾತ್ರ ಅಲ್ಲ. ಮಧುಗಿರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಹುಡುಗ ಮೊಬೈಲಿನಲ್ಲಿ ಕೇಳಿಸಿಕೊಳ್ಳಬಹುದು, ಬೇಕಾದ ಪದವನ್ನು ಹುಡುಕಬಹುದು.

ಆದರೆ ಎಲ್ಲರಿಗೂ ಅನುಕೂಲ ಮಾಡಿದ್ದೇವಲ್ಲ ಅಂತ ಒಬ್ಬರ ಹಕ್ಕನ್ನು ಮರೆಯಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಲಿಕೆಯ ತೊಂದರೆಗಳೂ, ಆಟಿಸಂ ಕೂಡ ಇದರಲ್ಲಿ ಸೇರಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇಕಡಾ 5ರಷ್ಟು ಸೀಟು ಮೀಸಲು. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬರೆಯಲು ನಿಜವಾಗಿ ತೊಂದರೆ ಇರುವವರಿಗೆ, ಆ ಶೇಕಡಾ 40ರ ಮಿತಿ ಮುಟ್ಟದಿದ್ದರೂ, ಸ್ಕ್ರೈಬ್, ಅಂದರೆ ಅವರು ಹೇಳಿದ ಉತ್ತರವನ್ನು ಬರೆದುಕೊಡುವವರು, ಸಿಗಬೇಕು ಎಂದಿತು.

ಸ್ಕ್ರೈಬ್ ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಅನ್ನುವುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಇದನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಇಂಟರ್ನಲ್ಸ್ ನಡೆಸುವವರು ಮಾತ್ರ ನಾವೇ. 1 ಗಂಟೆಯ ಟೆಸ್ಟ್ ಆದರೆ 1 ಗಂಟೆ 20 ನಿಮಿಷ ಕೊಡಿ, ಮುಂದಿನ ಪಿರಿಯಡ್‌ನವರ ಜೊತೆ ಮೊದಲೇ ಮಾತಾಡಿ ರೂಮ್ ಹಿಡಿದಿಡಿ. ವಿದ್ಯಾರ್ಥಿ ಬಂದು ಬೇಡಿಕೊಳ್ಳುವ ತನಕ ಕಾಯಬೇಡಿ.