ಚಿನ್ನಕ್ಕೆ ಬೆಳಕು ಬಂದದ್ದು ಹೇಗೆ?

ತಿಳಿಹಳದಿ ಬಣ್ಣದ ಗೋಲ್ಡ್ ಕ್ಲೋರೈಡ್ ದ್ರಾವಣ. ಅದಕ್ಕೆ ಹಸುವಿನ ರಕ್ತದಿಂದ ತೆಗೆದ ಆಲ್ಬುಮಿನ್ ಪ್ರೋಟೀನ್ ಸುರಿದು ಜೋರಾಗಿ ಕಲಕಬೇಕು. ಎರಡು ನಿಮಿಷದ ನಂತರ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್. ಆಮೇಲೆ 37 ಡಿಗ್ರಿಯಲ್ಲಿ, ಅಂದರೆ ನಮ್ಮ ಮೈಬಿಸಿಯಲ್ಲೇ, 12 ಗಂಟೆ ಬಿಡಬೇಕು. ದ್ರಾವಣ ಕಡುಕಂದಾಗುತ್ತದೆ. ಸುಮ್ನೆ ನೋಡಿದರೆ ಕಷಾಯ ಅನ್ನಬಹುದು. ಯುವಿ ಲ್ಯಾಂಪ್ ಹಿಡಿದರೆ ಪೂರಾ ಕೆಂಪಗೆ ಬೆಳಗುತ್ತದೆ.

2009ರಲ್ಲಿ ಸಿಂಗಪುರದ ಜಾಕಿ ಯಿಂಗ್ ಅವರ ತಂಡ ಪ್ರಕಟಿಸಿದ ವಿಧಾನ ಇದು. ದುಬಾರಿ ಯಂತ್ರ ಬೇಡ, ವಿಷದ ದ್ರಾವಕ ಬೇಡ. ಹಾಗಾಗಿ ಬೇಗ ಎಲ್ಲ ಕಡೆ ಹರಡಿತು. ಆದರೆ ಅಲ್ಲಿ ಬೆಳಗುತ್ತಿರುವುದು ಏನು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಸಣ್ಣ ಚಿನ್ನದ ಕಣಗಳು ನೀರಿಗೆ ಮಾಣಿಕ್ಯದ ಕೆಂಪು ಕೊಡುತ್ತವೆ ಎಂದು ಮೈಕೆಲ್ ಫ್ಯಾರಡೆ 1857ರಲ್ಲೇ ತೋರಿಸಿದ್ದರು. ಅದು ಬರೀ ಬಣ್ಣ. ಲೋಹ ತಾನೇ ಬೆಳಕು ಬೀರುವುದು ಬೇರೆ ವಿಷಯ. 1969ರಲ್ಲಿ ಮೂರಾಡಿಯನ್ ಎಂಬ ವಿಜ್ಞಾನಿ ಚಿನ್ನದಿಂದ ಬರುವ ಬೆಳಕನ್ನು ಅಳೆದರು. ಸುಮಾರು ಸಾವಿರ ಕೋಟಿ ಫೋಟಾನ್ (ಬೆಳಕಿನ ಕಣ) ನುಂಗಿದರೆ ವಾಪಸ್ ಬರುವುದು ಒಂದು! ಗಟ್ಟಿ ಲೋಹದಲ್ಲಿ ಎಲೆಕ್ಟ್ರಾನ್‌ಗಳು ಪಡೆದ ಶಕ್ತಿಯನ್ನು ಕ್ಷಣದಲ್ಲಿ ಶಾಖವಾಗಿ ಕಳೆದುಬಿಡುತ್ತವೆ. ಕಣದ ಗಾತ್ರ 2 ನ್ಯಾನೋಮೀಟರ್‌ಗಿಂತ ಕಡಿಮೆಯಾದರೆ ಕಥೆ ಬದಲಾಗುತ್ತದೆ. ಹತ್ತಾರು ಪರಮಾಣುಗಳಷ್ಟೇ ಉಳಿದಾಗ ಎಲೆಕ್ಟ್ರಾನ್‌ಗಳ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೇಲಿನ ಮೆಟ್ಟಿಲಿಂದ ಇಳಿಯುವಾಗ ಬೆಳಕು ಬರುತ್ತದೆ. ಇದೇ ನ್ಯಾನೋಕ್ಲಸ್ಟರ್.

ಅಷ್ಟು ಸಣ್ಣ ಗುಂಪನ್ನು ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ಹಿಡಿದಿಡಲು ಏನಾದರೂ ಬೇಕು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ರಾಬರ್ಟ್ ಡಿಕ್ಸನ್ ತಂಡ 2003ರಲ್ಲಿ ಡೆಂಡ್ರಿಮರ್ ಎಂಬ ಕವಲು ಕವಲಾದ ಅಣುವಿನೊಳಗೆ 8 ಚಿನ್ನದ ಪರಮಾಣುಗಳನ್ನು ಕೂರಿಸಿ, ಶೇ. 41ರ ದಕ್ಷತೆಯ (ಅಂದರೆ ನೂರು ಫೋಟಾನ್ ನುಂಗಿದರೆ 41 ವಾಪಸ್) ನೀಲಿ ಬೆಳಕು ಪಡೆದೆವು ಎಂದಿತು. ಮರುವರ್ಷ ಅದೇ ತಂಡ ಡಿಎನ್‌ಎ ಎಳೆಯಲ್ಲಿ ಬೆಳ್ಳಿಯ ಕ್ಲಸ್ಟರ್ ಬೆಳೆಸಿತು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್‌ಗೆ ಬೆಳ್ಳಿ ಚೆನ್ನಾಗಿ ಅಂಟುತ್ತದೆ. ಎಳೆಯ ಅಕ್ಷರಗಳ ಸಾಲು ಬದಲಿಸಿದರೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಈ ಇಡೀ ಚರಿತ್ರೆಯಲ್ಲಿ ನನಗೆ ಇಷ್ಟವಾದ ಐಡಿಯಾ ಇದೇ.

ಜೀವವಿಜ್ಞಾನಿಗಳಿಗೆ ಇದೆಲ್ಲ ಯಾಕೆ ಬೇಕಿತ್ತು? ಜೀವಕೋಶದ ಭಾಗಗಳನ್ನು ಬೆಳಗಿಸಿ ನೋಡಲು 1998ರಿಂದ ಅವರ ಕೈಯಲ್ಲಿ ಕ್ವಾಂಟಮ್ ಡಾಟ್ ಎಂಬ ಪುಟ್ಟ ಅರೆವಾಹಕ ಕಣಗಳಿದ್ದವು. ಒಳ್ಳೆ ಪ್ರಕಾಶ, ಆದರೆ ಹೆಚ್ಚಿನವುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷದ ಲೋಹ. ಗಾತ್ರವೂ ಜಾಸ್ತಿ. ಸುಮಾರು 5.5 ನ್ಯಾನೋಮೀಟರ್‌ಗಿಂತ ದೊಡ್ಡ ಕಣ ಮೂತ್ರಪಿಂಡ ದಾಟುವುದು ಕಷ್ಟ ಎಂದು 2007ರಲ್ಲಿ ಗೊತ್ತಾಯಿತು. ಕಣ ಮೈಯಲ್ಲೇ ಉಳಿದುಬಿಟ್ಟರೆ ರೋಗಿಗೆ ಕೊಡುವ ಮಾತೇ ಇಲ್ಲ, ಅಲ್ವಾ? ನಮ್ಮ ಜೀವಕೋಶಗಳಲ್ಲೇ ಇರುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಹೊದಿಸಿದ ಪುಟ್ಟ ಚಿನ್ನದ ಕಣಗಳು ಮೂತ್ರದಲ್ಲಿ ಹೊರಹೋಗುತ್ತವೆ ಎಂದು ತೋರಿಸಿದವರು ಟೆಕ್ಸಾಸ್‌ನ ಜಿಯೆ ಜೆಂಗ್. ಡಿಕ್ಸನ್ ಅವರ ಹಳೇ ಶಿಷ್ಯ. ನಮ್ಮ ಕಡೆ ಈ ಕೆಲಸ ಬೆಳೆಸಿದವರಲ್ಲಿ ಐಐಟಿ ಮದ್ರಾಸ್‌ನ ಟಿ. ಪ್ರದೀಪ್ ಪ್ರಮುಖರು. ಅವರು ಪಿಎಚ್‌ಡಿ ಮಾಡಿದ್ದು ಬೆಂಗಳೂರಿನ ಐಐಎಸ್‌ಸಿಯಲ್ಲಿ, ಸಿ.ಎನ್.ಆರ್. ರಾವ್ ಅವರ ಬಳಿ. 25 ಪರಮಾಣುಗಳ ಕ್ಲಸ್ಟರ್‌ನಿಂದ 23ರದ್ದನ್ನು ಮಾಡಿ, ಅದನ್ನು ಜೀವಕೋಶ ಗುರುತಿಸಲು ಬಳಸಬಹುದೆಂದು 2009ರಲ್ಲಿ ಅವರ ತಂಡ ತೋರಿಸಿತು.

ಈಗ ಜಗಳಕ್ಕೆ ಬರೋಣ. ಡೆಂಡ್ರಿಮರ್‌ನ ನೀಲಿ ಬೆಳಕು ಚಿನ್ನವೇ ಇಲ್ಲದೆಯೂ ಬರುತ್ತದೆ, ಆ ಅಣು ಆಕ್ಸಿಡೀಕರಣಗೊಂಡರೆ ಸಾಕು ಎಂದು 2004ರಲ್ಲೇ ಬೇರೆಯವರು ತೋರಿಸಿದರು. ಪ್ರೋಟೀನ್‌ಗಳೂ ಹೀಗೇ ಮೋಸ ಮಾಡಬಲ್ಲವು. ಅದಕ್ಕೇ ನೀಲಿ ಬೆಳಕಿನ ಹೊಸ ಪ್ರಬಂಧ ಬಂದರೆ, ಲೋಹ ಹಾಕದೆ ಅದೇ ಪ್ರಯೋಗ ಮಾಡಿದ್ದಾರಾ ಎಂದು ಮೊದಲು ನೋಡಬೇಕು.

ಆಲ್ಬುಮಿನ್‌ನ ಕೆಂಪು ಬೆಳಕಿನದು ಇನ್ನೂ ಗೋಜಲು. ಅಲ್ಲಿ 25 ಪರಮಾಣುಗಳಿವೆ ಎಂಬ ಲೆಕ್ಕ ತೂಕ ಅಳೆದು ಬಂದದ್ದು. ಅಲ್ಲಿ ಕ್ಲಸ್ಟರೇ ಇಲ್ಲ, ಪ್ರೋಟೀನ್‌ಗೆ ಅಂಟಿದ ಚಿನ್ನದ ಅಯಾನು ಮತ್ತು ಪ್ರೋಟೀನ್‌ನ ಬದಲಾದ ಮಡಿಕೆ ಸೇರಿ ಬೆಳಕು ಕೊಡುತ್ತಿವೆ ಎಂದು 2018ರಲ್ಲಿ ಅಮೆರಿಕದ ಒಂದು ತಂಡ ವಾದಿಸಿತು. ಇದರ ಹರಳು ಸಿಕ್ಕಿದ್ದರೆ, ಅದಕ್ಕೆ ಎಕ್ಸ್-ರೇ ಹಾಯಿಸಿ ಪರಮಾಣುಗಳ ಜಾಗ ನೋಡಿ ಒಂದೇ ಏಟಿಗೆ ತೀರ್ಮಾನಿಸಬಹುದಿತ್ತು. ಗಂಧಕದ ಹೊದಿಕೆಯ ಕ್ಲಸ್ಟರ್‌ಗಳಿಗೆ ಹರಳು ಸಿಕ್ಕಿದೆ. ಅಮೆರಿಕದ ರೋಜರ್ ಕಾರ್ನ್‌ಬರ್ಗ್ ತಂಡ 2007ರಲ್ಲಿ 102 ಚಿನ್ನದ ಪರಮಾಣುಗಳ ಕ್ಲಸ್ಟರ್‌ನ ರಚನೆ ಕಂಡುಹಿಡಿಯಿತು. 2008ರಲ್ಲಿ 25ರದ್ದೂ ಬಂತು. ಒಂದೊಂದು ಪರಮಾಣುವಿನ ಜಾಗವೂ ಗೊತ್ತಿರುವ ಈ 25ರ ಕ್ಲಸ್ಟರ್‌ನ ದಕ್ಷತೆ ಶೇ. 1 ಕೂಡ ಇಲ್ಲ. ಆಲ್ಬುಮಿನ್‌ನದು ಸುಮಾರು ಶೇ. 6. ಜೀವಕೋಶದ ಚಿತ್ರ ತೆಗೆಯುವವರು ಸಹಜವಾಗಿ ಎರಡನೆಯದನ್ನೇ ಆರಿಸುತ್ತಾರೆ.